ಪ್ಲೈವುಡ್ ದೋಣಿಗೆ ಫೈಬರ್‌ಗ್ಲಾಸ್, ಎಪಾಕ್ಸಿ ಸೇರಿಸುವ ತೂಕ: ಲೆಕ್ಕ ಹಾಕುವುದೋ, ತುಂಡನ್ನು ತೂಗುವುದೋ?

ಕಾಗದದ ಲೆಕ್ಕ ಸುಲಭ. ಚದರ ಮೀಟರಿಗೆ 200 ಗ್ರಾಂ ತೂಗುವ ಫೈಬರ್‌ಗ್ಲಾಸ್ (ಗಾಜಿನ ನಾರಿನ) ಬಟ್ಟೆಯನ್ನು ಕೈಯಿಂದಲೇ ಹಾಸುವಾಗ ಅದು ಸುಮಾರು ತನ್ನಷ್ಟೇ ತೂಕದ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಹೀರುತ್ತದೆ ಎಂದಿಟ್ಟುಕೊಂಡು, ನೇಯ್ಗೆಯ ಕುಳಿಗಳನ್ನು ತುಂಬಲು 0.1 ಮಿ.ಮೀ. ದಪ್ಪದ ಎರಡು ಲೇಪಗಳಿಗೆ 220 ಗ್ರಾಂ ಸೇರಿಸಿದರೆ, ಚದರ ಮೀಟರಿಗೆ 620 ಗ್ರಾಂ ಆಗುತ್ತದೆ. 5 ಚದರ ಮೀಟರ್ ಹೊರಮೈಗೆ ಇದು 3.1 ಕಿಲೋ. ಆದರೆ ಅಂಚುಗಳಲ್ಲಿ ಬಟ್ಟೆ ಒಂದರ ಮೇಲೊಂದು ಬರುವ ಭಾಗವನ್ನೂ ಒಳಮೂಲೆಗಳಿಗೆ ತುಂಬುವ ಗಟ್ಟಿ ಮಿಶ್ರಣವನ್ನೂ ಬೇರೆಯಾಗಿಯೇ ಕೂಡಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ತುಂಡಿನ ವಿಧಾನಕ್ಕೆ ಒಂದು ದಿನ ಹೆಚ್ಚು ಬೇಕು, ಆದರೆ ಅದು ನಿಮ್ಮ ಕೈಕೆಲಸವನ್ನೇ ಅಳೆಯುತ್ತದೆ. ಅದೇ ಪ್ಲೈವುಡ್ಡಿನ 30 ಸೆಂ.ಮೀ. ಚೌಕವನ್ನು ತೂಗಿ, ಬಟ್ಟೆ ಹಾಸಿ, ಲೇಪಗಳನ್ನು ಕೊಟ್ಟು, ಗಟ್ಟಿಯಾದ ಮೇಲೆ ಅಂಚಿನಿಂದ ಹೊರಚಾಚಿದ್ದನ್ನು ಕತ್ತರಿಸಿ ಮತ್ತೆ ತೂಗಿರಿ. ಮೇಲಿನ ಲೆಕ್ಕದಂತೆ 56 ಗ್ರಾಂ ಏರಬೇಕು. 75 ಗ್ರಾಂ ಏರಿದರೆ ರೋಲರ್ ಅಗತ್ಯಕ್ಕಿಂತ ಹೆಚ್ಚು ಎಪಾಕ್ಸಿಯನ್ನು ಬಿಡುತ್ತಿದೆ ಎಂದರ್ಥ, ಮತ್ತು ಆ ವ್ಯತ್ಯಾಸ ಇಡೀ ಹೊರಮೈಯಲ್ಲಿ ಒಂದು ಕಿಲೋ ದಾಟುತ್ತದೆ.

ಎರಡರಲ್ಲೂ ಡಬ್ಬಿಯಿಂದ ಖರ್ಚಾದ ಎಪಾಕ್ಸಿಯನ್ನು ದೋಣಿಯ ತೂಕವೆಂದು ಬರೆದುಕೊಳ್ಳಬೇಡಿ. ಬಟ್ಟಲು, ಬ್ರಷ್‌ಗಳಲ್ಲಿ ಉಳಿದದ್ದು ನೀರಿಗಿಳಿಯುವುದಿಲ್ಲ.

ಎಷ್ಟು ಸಾಮಗ್ರಿ ಕೊಳ್ಳಬೇಕೆಂದು ತಿಳಿಯಲು ಕಾಗದದ ಲೆಕ್ಕ ಸಾಕು. ಒಬ್ಬರೇ ಹೆಗಲ ಮೇಲೆ ಹೊರಬೇಕಾದ ಹಗುರ ದೋಣಿಯಾದರೆ ನಾನು ತುಂಡನ್ನೇ ತೂಗುತ್ತೇನೆ.