ಹಾಂಗ್‌ಝೌನಲ್ಲಿ ಒಂದೇ ದಿನವಿದ್ದರೆ: ಲಿಂಗ್‌ಯಿನ್ ದೇಗುಲವೋ, ಪಶ್ಚಿಮ ಸರೋವರವೋ?

ಶಾಂಘೈನಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಾಗಾಗಿ ಹೆಚ್ಚಿನವರು ಹಾಂಗ್‌ಝೌಗೆ ಬೆಳಿಗ್ಗೆ ಬಂದು ಸಂಜೆ ಮರಳುತ್ತಾರೆ. ಅಷ್ಟರಲ್ಲಿ ಎರಡನ್ನೂ ಮುಗಿಸಲು ಹೊರಟರೆ ಎರಡೂ ಅರ್ಧಂಬರ್ಧ.

ನನ್ನ ಒಲವು ಲಿಂಗ್‌ಯಿನ್ ಕಡೆಗೆ. ನಾಲ್ಕನೆಯ ಶತಮಾನದಲ್ಲಿ ಇದನ್ನು ಸ್ಥಾಪಿಸಿದವನು ಭಾರತದಿಂದ ಬಂದ ಭಿಕ್ಷು ಹ್ವೇಲಿ ಎಂಬುದು ಪರಂಪರೆಯ ಮಾತು. ಎದುರಿನ ಸುಣ್ಣಕಲ್ಲಿನ ಗುಡ್ಡವನ್ನು ಕಂಡು, ಇದು ತನ್ನ ನಾಡಿನಿಂದಲೇ ಹಾರಿ ಬಂದದ್ದು ಎಂದನಂತೆ. ಆ ಫೇಲಾಯ್ ಫೆಂಗ್ (‘ಹಾರಿ ಬಂದ ಶಿಖರ’) ಗುಡ್ಡದ ಬಂಡೆ, ಗುಹೆಗಳಲ್ಲಿ ಹತ್ತರಿಂದ ಹದಿನಾಲ್ಕನೆಯ ಶತಮಾನದವರೆಗೆ ಕಡೆದ ನೂರಾರು ಬೌದ್ಧ ಮೂರ್ತಿಗಳಿವೆ. ತೊರೆಯ ಪಕ್ಕದಲ್ಲಿರುವ, ಹೊಟ್ಟೆ ಬಿಟ್ಟು ನಗುವ ಮೈತ್ರೇಯನ (ಮುಂದೆ ಬರಲಿರುವ ಬುದ್ಧನ) ಮೂರ್ತಿಯ ಎದುರು ನಿಲ್ಲದೆ ಹೋಗಬೇಡಿ. ಅನೇಕರು ಗುಡ್ಡವನ್ನು ದಾಟಿ ನೇರವಾಗಿ ದೇಗುಲಕ್ಕೆ ನುಗ್ಗುತ್ತಾರೆ. ನನಗೆ ಅದು ದೊಡ್ಡ ನಷ್ಟವೆನಿಸುತ್ತದೆ. ಒಳಗಿನ ಕರ್ಪೂರದ ಮರದ ಬೃಹತ್ ಬುದ್ಧ ಭವ್ಯನೇ, ಆದರೆ 1950ರ ದಶಕದವನು. ಮೆಟ್ಟಿಲು, ಏರು ಉಂಟು. ರಜಾದಿನಗಳಲ್ಲಿ ವಿಪರೀತ ಜನ.

ಸರೋವರಕ್ಕೆ ಪ್ರವೇಶ ಶುಲ್ಕವಿಲ್ಲ, ನೆಲ ಸಮತಟ್ಟು. ಹಿರಿಯರು, ಮಕ್ಕಳು ಜೊತೆಗಿದ್ದರೆ ಇದನ್ನೇ ಆರಿಸಿ. ಕವಿ ಸು ಶಿ ಅಧಿಕಾರಿಯಾಗಿದ್ದಾಗ ಕೆರೆಯ ಹೂಳೆತ್ತಿಸಿ ಕಟ್ಟಿಸಿದ ಏರಿ ಸುಮಾರು 2.8 ಕಿಲೋಮೀಟರ್ ಉದ್ದವಿದೆ. ವಸಂತದಲ್ಲಿ ಅಲ್ಲಿ ಪೀಚ್ ಹೂವು, ವಿಲೋ ಚಿಗುರು. ಸರೋವರದ ದಡದ ಲೇಫೆಂಗ್ ಗೋಪುರ 1924ರಲ್ಲಿ ಕುಸಿದು 2002ರಲ್ಲಿ ಮತ್ತೆ ಎದ್ದದ್ದು. ಸಮಯ ಕಡಿಮೆಯಿದ್ದರೆ ಬಿಡಬಹುದು.

ಮಳೆ ಹನಿಯುತ್ತಿದ್ದರೆ ಸರೋವರ, ಬೇಸಿಗೆಯ ಧಗೆಯಿದ್ದರೆ ಮರಗಳ ನೆರಳಿನ ಲಿಂಗ್‌ಯಿನ್. ಹೋಗುವುದಾದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ.