ಅಪ್ಪಯ್ಯನ ಡೀಪ್ ಪರ್ಪಲ್ ಕ್ಯಾಸೆಟ್ಟಿಗೆ ಯುಎಸ್‌ಬಿ ಪ್ಲೇಯರ್ ಸಾಕೇ?

ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್ ಹುಟ್ಟಿದ್ದು 1968ರಲ್ಲಿ. ಅಂದಿನಿಂದ ಇಂದಿನ ತನಕ ತಂಡದಲ್ಲೇ ಉಳಿದವರು ಡ್ರಮ್ಮರ್ ಇಯಾನ್ ಪೇಯ್ಸ್ ಒಬ್ಬರೇ. 2001ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಕಾಲೇಜಿನಲ್ಲಿದ್ದವರ ಮಕ್ಕಳು ಈಗ ಸಾಗರ, ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದಾರೆ. ಫೋನಿನಲ್ಲಿ ಆ ಆರ್ಗನ್ ಕೇಳಿ ಮರುಳಾದ ಮಗಳಿಗೆ ಮನೆಯ ಅಟ್ಟದಲ್ಲೇ ಅಪ್ಪಯ್ಯನ ಮೂವತ್ತು ಕ್ಯಾಸೆಟ್ ಇರುವುದು ಗೊತ್ತಾದರೆ ಮಾಡುವ ಮೊದಲ ಕೆಲಸ, ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ‘ಕ್ಯಾಸೆಟ್ ಟು ಎಂಪಿ3’ ಪ್ಲೇಯರ್ ಆರ್ಡರ್ ಮಾಡುವುದು. ಬೇರೆ ಬೇರೆ ಹೆಸರು ಹೊತ್ತು ಬಂದರೂ ಇವುಗಳ ಗುಣ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಈ ವಿಮರ್ಶೆ ಒಂದು ಬ್ರ್ಯಾಂಡಿನದಲ್ಲ, ಆ ಇಡೀ ಜಾತಿಯದು.

ನೋಡಲು ಹಳೆಯ ವಾಕ್‌ಮನ್. ಎರಡು ಪೆನ್ ಟಾರ್ಚ್ ಸೆಲ್ಲಿನಲ್ಲೋ ಯುಎಸ್‌ಬಿ ತಂತಿಯಲ್ಲೋ ಓಡುತ್ತದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅಡಾಸಿಟಿ ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶ ತೆರೆದು ರೆಕಾರ್ಡ್ ಒತ್ತಿದರೆ ಹಾಡು ಒಳಗೆ ಇಳಿಯುತ್ತದೆ. ಸುಲಭ ಎಂಬ ಮಾತು ಸುಳ್ಳಲ್ಲ. ಆದರೆ ಡೀಪ್ ಪರ್ಪಲ್ ಈ ಯಂತ್ರಕ್ಕೆ ಕೊಡಬಹುದಾದ ಅತಿ ಕಠಿಣ ಪರೀಕ್ಷೆ. ಕಾರಣ ತಂಡದ ಆರ್ಗನ್ ವಾದಕರಾಗಿದ್ದ ಜಾನ್ ಲಾರ್ಡ್. ಹ್ಯಾಮಂಡ್ ಆರ್ಗನನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಒಂದೇ ಸ್ವರವನ್ನು ಎಂಟು ಹತ್ತು ಸೆಕೆಂಡು ಎಳೆಯುತ್ತಿದ್ದ ಮನುಷ್ಯ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಆ ವೇಗ ಚೂರು ತೂಗಾಡಿದರೂ ಎಳೆದ ಸ್ವರ ಅಲೆಅಲೆಯಾಗಿ ಕೇಳುತ್ತದೆ. ಈ ಪ್ಲೇಯರಿನಲ್ಲಿ ವೇಗವನ್ನು ಸಮವಾಗಿಡುವ ಚಕ್ರ, ಅಂದರೆ ಫ್ಲೈವೀಲ್ ಹಗುರ, ಮೋಟಾರ್ ಪುಟ್ಟದು. ಮಾತು, ಯಕ್ಷಗಾನದ ಅರ್ಥಗಾರಿಕೆ, ಅಜ್ಜಿ ಹೇಳಿದ ಶೋಭಾನೆ ಇದರಲ್ಲಿ ಚೆನ್ನಾಗಿಯೇ ಬರುತ್ತವೆ. ಆರ್ಗನ್ ಮಾತ್ರ ನೀರಿನಡಿ ನುಡಿಸಿದಂತೆ.

ವೇಗದ ದೋಷದಲ್ಲಿ ಎರಡು ಬಗೆ. ಮೊದಲಿಂದ ಕೊನೆಯವರೆಗೆ ಒಂದೇ ಸಮ ಜೋರಾಗಿ ಓಡುವುದು ಒಂದು. ಇದಕ್ಕೆ ಮದ್ದಿದೆ. ಫೋನಿನಲ್ಲಿ 7 ನಿಮಿಷ, ಅಂದರೆ 420 ಸೆಕೆಂಡು ಇರುವ ಹಾಡು ನಿಮ್ಮ ರೆಕಾರ್ಡಿಂಗಿನಲ್ಲಿ 405 ಸೆಕೆಂಡಿಗೇ ಮುಗಿದಿದ್ದರೆ ಟೇಪು ಶೇಕಡಾ 3.7ರಷ್ಟು ವೇಗವಾಗಿ ಓಡಿದೆ. ಶೇಕಡಾ 6 ಆದರೆ ಅರ್ಧ ಸ್ವರವೇ ಮೇಲೆ. ಜೊತೆಗೆ ಗಿಟಾರ್ ಹಿಡಿದು ಕೂತವರಿಗೆ ಶ್ರುತಿ ಕೂಡುವುದೇ ಇಲ್ಲ. 405 ಭಾಗಿಸು 420, ಬರುವುದು 0.964, ಅಡಾಸಿಟಿಯ ವೇಗ ಬದಲಿಸುವ ಎಫೆಕ್ಟಿನಲ್ಲಿ ಅದನ್ನು ಹಾಕಿದರೆ ಸರಿಹೋಗುತ್ತದೆ. ಹೋಲಿಸುವಾಗ ಎರಡೂ ಒಂದೇ ಆವೃತ್ತಿಯಾಗಿರಲಿ, ಲೈವ್ ಹಾಡನ್ನು ಸ್ಟುಡಿಯೊ ಹಾಡಿನ ಪಕ್ಕ ಇಟ್ಟು ಲೆಕ್ಕ ಹಾಕಬೇಡಿ. ಎರಡನೆಯದು ಆ ತೂಗಾಟ. ಅದಕ್ಕೆ ಮನೆಯಲ್ಲಿ ಮಾಡುವ ಮದ್ದಿಲ್ಲ. ಅದು ರೆಕಾರ್ಡಿಂಗಿನೊಳಗೇ ಬೆರೆತುಹೋಗುತ್ತದೆ, ಕಾಫಿಗೆ ಬಿದ್ದ ಉಪ್ಪಿನ ಹಾಗೆ.

ಇನ್ನೊಂದು ಮೋಸ ಪ್ಲೇಯರಿನದಲ್ಲ, ವಿಂಡೋಸಿನದು. ಈ ಯಂತ್ರವನ್ನು ಅದು ಮೈಕ್ ಎಂದುಕೊಂಡು ಒಂದೇ ಚಾನೆಲ್ ತೆಗೆದುಕೊಳ್ಳುವುದುಂಟು. 1972ರ ಆಗಸ್ಟಿನಲ್ಲಿ ಒಸಾಕ, ಟೋಕಿಯೊದಲ್ಲಿ ಮುದ್ರಿಸಿದ ‘ಮೇಡ್ ಇನ್ ಜಪಾನ್’ ಕೇಳಿದರೆ ಆರ್ಗನ್ ಒಂದು ಕಿವಿಗೆ, ರಿಚಿ ಬ್ಲ್ಯಾಕ್‌ಮೋರ್ ಗಿಟಾರ್ ಇನ್ನೊಂದು ಕಿವಿಗೆ ವಾಲಬೇಕು. ಎರಡೂ ತಲೆಯ ನಡುವೆ ಬಂದು ಕೂತರೆ ಸೌಂಡ್ ಸೆಟ್ಟಿಂಗಿನಲ್ಲಿ 2 ಚಾನೆಲ್, 44.1 ಕಿಲೋಹರ್ಟ್ಸ್ ಮಾಡಿ, ‘ಎನ್‌ಹ್ಯಾನ್ಸ್‌ಮೆಂಟ್’ ಎಂಬುದನ್ನೆಲ್ಲ ಆಫ್ ಮಾಡಿ. ಅಡಾಸಿಟಿಯಲ್ಲೂ ಸ್ಟೀರಿಯೊ ಆರಿಸಿ. ಪ್ಲೇಯರಿನ ವಾಲ್ಯೂಮ್ ಅರ್ಧಕ್ಕಿಂತ ತುಸು ಮೇಲಿಟ್ಟು, ಹಾಡಿನ ಅತಿ ಜೋರಿನ ಜಾಗದಲ್ಲಿ ಮುಳ್ಳು ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಗಾಯಕ ಇಯಾನ್ ಗಿಲನ್ ಕಿರುಚಿದಾಗ ಸೊನ್ನೆ ಮುಟ್ಟಿತೋ, ಆ ಸೀಳು ಶಬ್ದ ಮತ್ತೆ ಹೋಗುವುದಿಲ್ಲ. ಮೌನ ಹುಡುಕಿ ಹಾಡು ತುಂಡು ಮಾಡುವ ಸೌಲಭ್ಯವನ್ನು ಲೈವ್ ಆಲ್ಬಮ್ಮಿಗೆ ನೆಚ್ಚಿಕೊಳ್ಳಬೇಡಿ, ಚಪ್ಪಾಳೆಯ ನಡುವೆ ಅದಕ್ಕೆ ಮೌನ ಎಲ್ಲಿ ಸಿಗಬೇಕು? ಕೈಯಲ್ಲೇ ಗುರುತು ಹಾಕಿ.

ಇಷ್ಟೆಲ್ಲ ಬೆಂಗಳೂರಿನವರಿಗೂ ಅನ್ವಯ. ಮಲೆನಾಡಿನವರ ನಿಜವಾದ ಸಮಸ್ಯೆ ಬೂಷ್ಟು.

ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ರೀಲಿನ ಅಂಚು ಕಂದು ಬಣ್ಣದಲ್ಲಿ ನುಣ್ಣಗೆ ಹೊಳೆಯಬೇಕು. ಬಿಳಿ ಪುಡಿ, ಜೇಡನ ಬಲೆಯಂಥ ಎಳೆ ಕಂಡರೆ ಅದನ್ನು ಯಾವ ಒಳ್ಳೆಯ ಡೆಕ್ಕಿಗೂ ಹಾಕಬೇಡಿ. ಬೂಷ್ಟು ಹಿಡಿದ ಸುತ್ತುಗಳು ಒಂದಕ್ಕೊಂದು ಅಂಟಿರುತ್ತವೆ. ಮೋಟಾರ್ ಎಳೆದರೆ ರೀಲು ಹರಿಯುತ್ತದೆ, ಇಲ್ಲವೇ ಕಾಂತೀಯ ಪದರವೇ ಕಿತ್ತು ಬರುತ್ತದೆ. ಪುಡಿ ರೀಲನ್ನು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬಿಸಿಲಿಗೆ ಒಣಗಿಸುವ, ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಉಪಾಯ ಅಡಕೆಗೆ ಸರಿ, ಕ್ಯಾಸೆಟ್ಟಿಗಲ್ಲ, ಬಿಸಿಗೆ ರೀಲು ಸೊಟ್ಟಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ಮೂರು ದಿನ ಇಡಿ. ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿ, ಮನೆಯ ಹೊರಗೆ ಕೂತು, ಆರು ಮೂಲೆಯ ಪೆನ್ಸಿಲ್ ತೂರಿಸಿ ಕೈಯಲ್ಲೇ ನಿಧಾನ ತಿರುಗಿಸಿ. ಎಲ್ಲಾದರೂ ಬಿಗಿದರೆ ಒತ್ತಾಯ ಬೇಡ. ಕ್ಯಾಸೆಟ್ಟನ್ನು ಅಂಗೈಗೆ ಮೆಲ್ಲಗೆ ತಟ್ಟಿ ಮತ್ತೆ ತಿರುಗಿಸಿ. ಐದು ಸ್ಕ್ರೂ ಇರುವ ಚಿಪ್ಪಾದರೆ ಬಿಚ್ಚಿ, ನೂಲು ಬಿಡದ ಬಟ್ಟೆಯಿಂದ ರೀಲಿನ ಅಂಚು ಒರೆಸಬಹುದು. ಬಿಚ್ಚಿದಾಗ ಹೆಡ್ಡಿನ ಎದುರು ನಿಲ್ಲುವ ಪುಟ್ಟ ಉಣ್ಣೆಯ ಪ್ಯಾಡ್ ಉದುರಿದೆಯೋ ನೋಡಿ. ಅದಿಲ್ಲದೆ ಶಬ್ದ ಮಂಕು, ಒಮ್ಮೆ ಬಂದು ಒಮ್ಮೆ ಹೋಗುತ್ತದೆ. ಹಾಳಾದ ಭಕ್ತಿಗೀತೆ ಕ್ಯಾಸೆಟ್ಟಿನ ಪ್ಯಾಡ್ ಕಿತ್ತು ಅಂಟಿಸಿದರೆ ಆಯಿತು. ಚಿಪ್ಪು ಬೆಸೆದಿದ್ದರೆ ಮಾತ್ರ ಕತ್ತರಿಸದೆ ಬೇರೆ ದಾರಿಯಿಲ್ಲ.

ಇಲ್ಲಿಯೇ ಆ ಅಗ್ಗದ ಪ್ಲೇಯರಿಗೆ ನಿಜವಾದ ಉದ್ಯೋಗ ಸಿಗುವುದು. ಕೈಯಲ್ಲಿ ಬಿಡಿಸಿದ ಕ್ಯಾಸೆಟ್ಟನ್ನು ಮೊದಲ ಸಲ ಈ ತುದಿಯಿಂದ ಆ ತುದಿಗೆ ಓಡಿಸಲು, ಯಾವುದರಲ್ಲಿ ಏನಿದೆ ಎಂದು ಕೇಳಿ ಬೇರ್ಪಡಿಸಲು ಅದನ್ನು ಬಲಿ ಕೊಡಿ. ಪ್ರತಿ ಕ್ಯಾಸೆಟ್ ಆದಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಡ್ಸಿನಿಂದ ಹೆಡ್ ಒರೆಸಿ. ಹತ್ತಿ ಕಂದಾಗುವುದು ನಿಂತ ಮೇಲೆ ಮುಂದಿನದು.

ಅಸಲಿ ರೆಕಾರ್ಡಿಂಗಿಗೆ ಮನೆಯ ಹಳೆ ಡೆಕ್ ಅಥವಾ ಒಳ್ಳೆಯ ಟೂ-ಇನ್-ಒನ್ ರಿಪೇರಿ ಮಾಡಿಸುವುದೇ ಲೇಸು. ಮೋಟಾರ್ ಸದ್ದು ಮಾಡುತ್ತದೆ, ಚಕ್ರ ತಿರುಗುವುದಿಲ್ಲ ಎಂದರೆ ಹತ್ತಕ್ಕೆ ಒಂಬತ್ತು ಪಾಲು ಬೆಲ್ಟ್ ಕರಗಿ ಡಾಂಬರಾಗಿದೆ. ರಾಟೆಗಳ ಸುತ್ತ ದಾರ ಸುತ್ತಿ ಅಳತೆ ತೆಗೆದು, ಅದಕ್ಕಿಂತ ಶೇಕಡಾ 5ರಷ್ಟು ಚಿಕ್ಕ ಬೆಲ್ಟ್ ಹಾಕಬೇಕು. ಬಿಗಿಯಾದರೆ ಮೋಟಾರಿಗೆ ಭಾರ, ಸಡಿಲವಾದರೆ ಅದೇ ತೂಗಾಟ. ರೀಲನ್ನು ಒತ್ತಿ ಎಳೆಯುವ ಪಿಂಚ್ ರೋಲರಿನ ರಬ್ಬರ್ ಹೊಳೆಯುತ್ತಿದ್ದರೆ ಸೋಪು ನೀರಲ್ಲಿ ಒರೆಸಿ; ಗಟ್ಟಿಯಾಗಿದ್ದರೆ ಬದಲಿಸಿ, ರೀಲು ನುಂಗುವುದು ಹೆಚ್ಚಾಗಿ ಅದೇ. ಕೊನೆಗೆ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ, ಹೆಡ್ಡಿನ ಓರೆ ಸರಿಪಡಿಸುವುದು ಅದೇ. ಪೇಯ್ಸ್ ಸಿಂಬಲ್ ಬಾರಿಸುವ ಕಡೆ ಕ್ಯಾಸೆಟ್ ಹಾಕಿ, ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿದರೆ ಒಂದು ಜಾಗದಲ್ಲಿ ‘ಶ್’ ಶಬ್ದ ಫಳಕ್ಕನೆ ತೆರೆದುಕೊಳ್ಳುತ್ತದೆ. ಬೇರೆ ಬೇರೆ ಯಂತ್ರದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟುಗಳಿಗೆ ಆ ಜಾಗವೂ ಬೇರೆ ಬೇರೆ. ಈ ಕೆಲಸ ಬಲ್ಲ ಹಳೆಯ ರೇಡಿಯೊ ರಿಪೇರಿಯವರು ಸಿಕ್ಕರೆ ಅವರೆದುರು ಕೂತು ನೀವೇ ಕೇಳಿ ಹೇಳಿ. ಡೆಕ್ಕಿನಿಂದ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ನೇರ ತಂತಿ ಕೊಟ್ಟರೆ ಅದು ಮತ್ತೆ ಮೈಕ್, ಮತ್ತೆ ಒಂದೇ ಚಾನೆಲ್. ಲೈನ್-ಇನ್, ಅಂದರೆ ಎರಡೂ ಚಾನೆಲ್ ತೆಗೆದುಕೊಳ್ಳುವ ತೂತು ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕೇ ಬೇಕು.

ಯಾವುದನ್ನು ಇಳಿಸಬೇಕು? ಅಂಗಡಿಯಲ್ಲಿ ಕೊಂಡ ಆಲ್ಬಮ್ಮುಗಳನ್ನು ಇಳಿಸುವುದು ಹೆಚ್ಚಾಗಿ ವ್ಯರ್ಥ, ಫೋನಿನಲ್ಲಿ ಅದಕ್ಕಿಂತ ಚೊಕ್ಕ ಪ್ರತಿ ಇದೆ. ಅಪ್ಪಯ್ಯ ಚೀಟಿ ಬರೆದು ಕೊಟ್ಟು ರೆಕಾರ್ಡಿಂಗ್ ಅಂಗಡಿಯಲ್ಲಿ ತುಂಬಿಸಿದ ಖಾಲಿ ಸೋನಿ, ಟಿಡಿಕೆ, ಮೆಲ್ಟ್ರ್ಯಾಕ್ ಕ್ಯಾಸೆಟ್ಟುಗಳ ಮಾತು ಬೇರೆ. ಆ ಹಾಡುಗಳ ಸಾಲು, ಕೊನೆಯ ಹಾಡು ಅರ್ಧಕ್ಕೇ ನಿಲ್ಲುವ ಜಾಗ, ಲೇಬಲ್ಲಿನ ಕೈಬರಹ ಯಾವ ಆ್ಯಪಿನಲ್ಲೂ ಇಲ್ಲ. ಲೇಬಲ್ಲಿನ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿಡಿ. 90 ನಿಮಿಷದ ಕ್ಯಾಸೆಟ್ ಸಿಕ್ಕರೆ ಹೆಚ್ಚು ಜೋಪಾನ: 60ರದ್ದರ ರೀಲು ಸುಮಾರು 18 ಮೈಕ್ರಾನ್ ದಪ್ಪವಿದ್ದರೆ ಇದರದ್ದು 12. ‘ಮೇಡ್ ಇನ್ ಜಪಾನ್’ 60 ನಿಮಿಷಕ್ಕೆ ಹಿಡಿಸದ ಕಾರಣ ಅದು ಇರುವುದು ಬಹುಶಃ ಇದರಲ್ಲೇ.

ಜಾಗದ ಲೆಕ್ಕ: ಕುಗ್ಗಿಸದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ, 60 ನಿಮಿಷದ ಕ್ಯಾಸೆಟ್ಟಿಗೆ 600. ಅದನ್ನು ಉಳಿಸಿಕೊಂಡು ಫೋನಿಗೆ ಎಂಪಿ3 ಮಾಡಿ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ, ಗುಂಯ್ ಶಬ್ದ ಹೆಚ್ಚಾಗಿ ಬರುವುದು ಅಲ್ಲಿಂದ. ಡೆಕ್ಕನ್ನು ಇನ್ವರ್ಟರಿನಲ್ಲಿ ಓಡಿಸಬೇಡಿ. ಇಡೀ ಕೆಲಸವನ್ನು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಮುಗಿಸಿ. ಜಡಿಮಳೆ ಹಿಡಿದ ಮೇಲೆ ಪೆಟ್ಟಿಗೆಯ ಮುಚ್ಚಳ ತೆರೆಯದಿರುವುದೇ ಒಳ್ಳೆಯದು.