ಗೇಟ್ ಎರಡನೇ ಸಲ ಬರೆಯೋರೇ, ‘ರಿಪೀಟರ್ ಬ್ಯಾಚ್’ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಹೋದ ಫೆಬ್ರವರಿಯಲ್ಲಿ ಗೇಟ್ (ಎಂಟೆಕ್ ಪ್ರವೇಶಕ್ಕೆ, ಸರ್ಕಾರಿ ಕಂಪನಿ ಕೆಲಸಕ್ಕೆ ಬರೆಯೋ ಎಂಜಿನಿಯರಿಂಗ್ ಪರೀಕ್ಷೆ) ಬರೆದು, ಅಂದ್ಕೊಂಡಷ್ಟು ಬರದೆ, ಇನ್ನೊಂದ್ಸಲ ಕೂರೋಣ ಅಂತಿರೋ ಮಂಡ್ಯ, ಮೈಸೂರು ಕಡೆಯೋರು, ಅದ್ರಲ್ಲೂ ಸಿವಿಲ್‌ನೋರು, ದಯವಿಟ್ಟು ಪೂರ್ತಿ ಓದಿ. ಮೈಸೂರಿನ ಒಂದು ಕೋಚಿಂಗ್ ಸೆಂಟರ್‌ನ ‘ರಿಪೀಟರ್ ಸ್ಪೆಷಲ್ ಬ್ಯಾಚ್’ಗೆ ನನ್ನ 32,500 ರೂಪಾಯಿ ಹೋಯ್ತು. 28,000 ಕ್ಲಾಸಿಗೆ, 4,500 ಟೆಸ್ಟ್ ಸೀರೀಸಿಗೆ. ದೂರು ಕೊಟ್ಟಾಗಿದೆ, ಹಾಗಾಗಿ ಹೆಸರು ಬರೆಯಲ್ಲ. ಕೇಳಬೇಡಿ.

ನಾಚಿಕೆ ಆಗ್ತಿದೆ. ಸಿವಿಲ್ ಓದಿದೋರು ಎಸ್ಟಿಮೇಟ್ ನೋಡದೆ ಅಡ್ವಾನ್ಸ್ ಕೊಟ್ಟಂಗಾಯ್ತು.

ಸೇರಿಸ್ಕೊಳ್ಳೋವಾಗ ಕೊಟ್ಟ ಮಾತು ಮೂರು. ಹೋದ ಸಲ ಎಲ್ಲಿ ತಪ್ಪಾಯ್ತು ಅಂತ ವಿಶ್ಲೇಷಣೆ ಮಾಡ್ತೀವಿ. ನಿಮಗೆ ಅಂತಲೇ ಪರ್ಸನಲ್ ಸ್ಟಡಿ ಪ್ಲಾನ್ ಕೊಡ್ತೀವಿ. ಪರೀಕ್ಷೆ ಥರಾನೇ 40 ಮಾಕ್ ಟೆಸ್ಟ್ ಮಾಡ್ತೀವಿ. ಈ ಮೂರರಲ್ಲಿ ಒಂದೂ ನಡೀಲಿಲ್ಲ. ಒಂದೂ!

ಮೊದಲು ಆ ಪ್ಲಾನ್ ವಿಷಯ. ಹದಿನಾಲ್ಕು ಪುಟದ ಪಿಡಿಎಫ್. ಮೊದಲ ಪುಟದಲ್ಲಿ ಹೆಸರು ಸರಿಯಾಗಿದೆ, ‘ಸಿವಿಲ್’ ಅಂತಲೂ ಇದೆ, ಪಕ್ಕದಲ್ಲಿ ಚೆಂದದ ಗುರಿ ಹಲಗೆಯ ಚಿತ್ರ. ಏಳನೇ ವಾರಕ್ಕೆ ಬಂದ್ರೆ ‘ಥರ್ಮೋಡೈನಾಮಿಕ್ಸ್ 12 ದಿನ, ಮಷೀನ್ ಡಿಸೈನ್ 9 ದಿನ’. ಸಿವಿಲ್‌ಗೆ! ಮೆಕ್ಯಾನಿಕಲ್‌ನೋರ ಪ್ಲಾನಿಗೆ ಮೇಲೊಂದು ಹೆಸರು ಅಂಟಿಸಿ ಕಳ್ಸಿದಾರೆ. ಆ ಸಾಲನ್ನ ಮೂರು ಸಲ ಓದಿದ್ದಾಯ್ತು, ಕಣ್ಣು ತಪ್ಪು ನೋಡ್ತಿದೆಯೇನೋ ಅಂತ. ಫೋನ್ ಮಾಡಿ ಕೇಳಿದ್ರೆ ಬಂದ ಉತ್ತರ: "ಅಯ್ಯೋ ಟೈಪಿಂಗ್ ಮಿಸ್ಟೇಕ್ ಕಣಪ್ಪ, ಆ ಜಾಗದಲ್ಲಿ ಜಿಯೋಟೆಕ್ ಅಂತ ಓದ್ಕೊ."

ಜಿಯೋಟೆಕ್, ಅಂದ್ರೆ ಸಿವಿಲ್‌ನ ಮಣ್ಣಿನ ಪಾಠ, ಅಂತ ಓದ್ಕೋಬೇಕಂತೆ. ದುಡ್ಡು ಕಟ್ಟೋವರೆಗೂ ‘ಬನ್ನಿ ಸಾರ್, ಕೂತ್ಕೊಳ್ಳಿ ಸಾರ್, ಕಾಫಿ ತಗೊಳ್ಳಿ ಸಾರ್’. ಕಟ್ಟಿದ ಮಾರನೇ ದಿನದಿಂದ ‘ನೋಡಪ್ಪ’. ಅಲ್ಲೇ ಅರ್ಥ ಆಗ್ಬೇಕಿತ್ತು.

ವಿಶ್ಲೇಷಣೆ ವಿಷಯಕ್ಕೆ ಬರೋಣ, ಅಸಲಿ ಮೋಸ ಇರೋದು ಅಲ್ಲೇ. ಗೇಟ್ ಮುಗಿದ ಮೇಲೆ ನಿಮ್ಮ ರೆಸ್ಪಾನ್ಸ್ ಶೀಟ್ ಪೋರ್ಟಲ್‌ನಲ್ಲಿ ಸಿಗತ್ತೆ, ಪ್ರಶ್ನೆಪತ್ರಿಕೆ ಮತ್ತು ಕೀ ಉತ್ತರಾನೂ ಬಿಡ್ತಾರೆ. ಯಾವ ಪ್ರಶ್ನೆಗೆ ಏನು ಒತ್ತಿದ್ರಿ, ಯಾವುದನ್ನ ಖಾಲಿ ಬಿಟ್ರಿ, ಎಲ್ಲ ಅದರಲ್ಲಿದೆ. ಎರಡನೇ ಸಲ ಬರೆಯೋರ ತಯಾರಿ ಶುರುವಾಗೋದೇ ಆ ಹಾಳೆಯಿಂದ. ಸೆಂಟರ್‌ನೋರು ಅದನ್ನ ಒಂದು ಸಲಾನೂ ಕೇಳಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಸಲಾನೂ! ಒಟ್ಟು ಅಂಕ ಎಷ್ಟು ಬಂತು ಅಂತ ಕೇಳಿ, ‘ಬೇಸಿಕ್ಸ್ ವೀಕ್’ ಅಂತ ಬರ್ಕೊಂಡು, ಮೊದಲನೇ ಪಾಠದಿಂದ ಶುರು ಹಚ್ಕೊಂಡ್ರು. ಹೊಸಬರ ಬ್ಯಾಚಿನ ಹೋದ ವರ್ಷದ ವಿಡಿಯೋನೇ ಪರದೆ ಮೇಲೆ ಓಡತ್ತೆ. ಅದಕ್ಕೆ ಎರಡನೇ ಫೀಸು.

ಆ ಹಾಳೆ ಇಟ್ಕೊಂಡು ಒಬ್ಬರೇ ಒಂದು ಭಾನುವಾರ ಕೂತ್ರೆ ಆಗೋ ಕೆಲಸ ಏನು ಅಂತ ಹೇಳ್ತೀನಿ, ಯಾವ ಸೆಂಟರ್‌ನೋರೂ ಹೇಳಲ್ಲ. ಪತ್ರಿಕೆಯಲ್ಲಿ 65 ಪ್ರಶ್ನೆ, 100 ಅಂಕ, 3 ಗಂಟೆ. ಒಂದು ಅಂಕದ್ದು 30, ಎರಡು ಅಂಕದ್ದು 35. ಪ್ರತಿ ಪ್ರಶ್ನೆ ಎದುರಿಗೆ ನಾಲ್ಕರಲ್ಲಿ ಒಂದು ಗುರುತು ಹಾಕಿ: ಗೊತ್ತಿರಲಿಲ್ಲ, ಗೊತ್ತಿದ್ದೂ ಎಡವಿದ್ದು, ಅಂದಾಜಲ್ಲಿ ಒತ್ತಿದ್ದು, ಟೈಮ್ ಸಾಲದೆ ಬಿಟ್ಟಿದ್ದು. ಅಂದಾಜಲ್ಲಿ ಒತ್ತಿದ್ದು ಎಷ್ಟು ತಿಂದಿದೆ ಅಂತ ಲೆಕ್ಕ ಹಾಕಿ. ಒಂದೇ ಸರಿ ಉತ್ತರದ ಆಯ್ಕೆ ಪ್ರಶ್ನೆ ತಪ್ಪಾದ್ರೆ ಒಂದು ಅಂಕದ್ದರಲ್ಲಿ ಮೂರನೇ ಒಂದು, ಎರಡು ಅಂಕದ್ದರಲ್ಲಿ ಮೂರನೇ ಎರಡು ಕಳೀತಾರೆ. ಒಂದಂಕದ್ದು 9, ಎರಡಂಕದ್ದು 8 ತಪ್ಪಾಗಿದ್ರೆ 3 ಮತ್ತೆ 5.33, ಒಟ್ಟು 8.33 ಅಂಕ ಬರೀ ಕಳೆದದ್ದರಲ್ಲೇ ಹೋಯ್ತು.

8.33 ಅಂದ್ರೆ ಏನ್ ಮಹಾ ಅನ್ನಬೇಡಿ. ಗೇಟ್ ಸ್ಕೋರ್ ಸೂತ್ರದಲ್ಲಿ ಅರ್ಹತಾ ಅಂಕಕ್ಕೆ 350, ಮೇಲಿನ ಶೇಕಡಾ 0.1 ಅಭ್ಯರ್ಥಿಗಳ ಸರಾಸರಿ ಅಂಕಕ್ಕೆ 900. ಅರ್ಹತಾ ಅಂಕ 27, ಮೇಲಿನ ಸರಾಸರಿ 80 ಅಂತ ಇಟ್ಕೊಂಡ್ರೆ, ನಡುವಿನ 53 ಅಂಕಕ್ಕೆ 550 ಸ್ಕೋರ್, ಅಂದ್ರೆ ಅಂಕ ಒಂದಕ್ಕೆ ಹತ್ತಕ್ಕಿಂತ ಜಾಸ್ತಿ. 8.33 ಅಂಕ ಉಳಿಸ್ಕೊಂಡ್ರೆ ಸ್ಕೋರ್ 86ರಷ್ಟು ಏರತ್ತೆ. ಒಂದು ಹೊಸ ಪಾಠಾನೂ ಓದದೆ! ‘ಬೇಸಿಕ್ಸ್ ವೀಕ್’ ಅಂತ ಬರ್ಕೊಂಡ ಪುಣ್ಯಾತ್ಮರಿಗೆ ಇದು ಗೊತ್ತಿಲ್ವೋ, ಗೊತ್ತಿದ್ರೂ ಹೇಳಲಿಲ್ವೋ.

‘ಗೊತ್ತಿದ್ದೂ ಎಡವಿದ್ದು’ ಅನ್ನೋ ಸಾಲಿನಲ್ಲಿ ಸಿವಿಲ್‌ನೋರಿಗೆ ಮಾಮೂಲಿ ಸಿಗೋ ತಪ್ಪುಗಳು ಇವೇ. ಜೇಡಿ ಪದರದ ಮೇಲೂ ಕೆಳಗೂ ಮರಳು ಇದ್ದಾಗ ನೀರು ಎರಡೂ ಕಡೆ ಹೋಗತ್ತೆ, ದೂರ ಅರ್ಧ ತಗೋಬೇಕು. 4 ಮೀಟರ್ ಪದರಕ್ಕೆ 2 ತಗೊಳ್ಳೋ ಬದಲು 4 ತಗೊಂಡ್ರೆ, ದೂರದ ವರ್ಗ ಇರೋದ್ರಿಂದ ಪದರ ಕುಗ್ಗೋಕೆ ಹಿಡಿಯೋ ಸಮಯದ ಉತ್ತರ ನಾಲ್ಕು ಪಟ್ಟು ಆಗಿ ಕೂರತ್ತೆ. ರಸ್ತೆ ಲೆಕ್ಕದಲ್ಲಿ ನಿಲುಗಡೆ ದೂರಕ್ಕೆ 254 ಇರೋ ಸೂತ್ರ ಹಿಡಿದ್ರೆ ವೇಗ ಗಂಟೆಗೆ ಕಿಲೋಮೀಟರ್‌ನಲ್ಲೇ ಇರ್ಬೇಕು. ಸೆಕೆಂಡಿಗೆ ಮೀಟರ್ ಮಾಡ್ಕೊಂಡು ಅದೇ ಸೂತ್ರಕ್ಕೆ ಸುರೀತೀವಿ. ಗಣಿತದ ಟ್ರಪಿಜಾಯಿಡಲ್ ರೂಲ್‌ನಲ್ಲಿ ಸೈನ್ ಬಂದಾಗ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಲ್ಲ. ನೀರಿನ ತೂಕ ಘನ ಮೀಟರಿಗೆ 10 ಕಿಲೋನ್ಯೂಟನ್ ತಗೊಳ್ಳಿ ಅಂತ ಪ್ರಶ್ನೆಯಲ್ಲೇ ಇದ್ರೂ ಕೈ ಅಭ್ಯಾಸಕ್ಕೆ 9.81 ಹಾಕತ್ತೆ. ಇಂಥದ್ದಕ್ಕೆ ಮತ್ತೆ ಮೂರು ವಾರ ಜಿಯೋಟೆಕ್ ವಿಡಿಯೋ ನೋಡಿ ಏನ್ ಪ್ರಯೋಜನ? ಎಡವಿದ ಅದೇ ಪ್ರಶ್ನೆಯನ್ನ ಮೂರು ದಿನ ಬಿಟ್ಟು, ಹತ್ತು ದಿನ ಬಿಟ್ಟು, ತಿಂಗಳು ಬಿಟ್ಟು ಅಂಕಿ ಬದಲಿಸ್ಕೊಂಡು ಮಾಡಿ. ಮೂರೂ ಸಲ ಸರಿ ಬಂದ್ರೆ ಹೊಡೆದು ಹಾಕಿ.

ಈಗ ಮಾಕ್ ಟೆಸ್ಟು. ಇದನ್ನ ಬರೀವಾಗ ಕೈ ನಡುಗತ್ತೆ ಸಿಟ್ಟಿಗೆ. ಗೇಟ್ ನಡೆಯೋದು ಕಂಪ್ಯೂಟರ್ ಮೇಲೆ, ಸ್ವಂತ ಕ್ಯಾಲ್ಕುಲೇಟರ್ ಒಳಗೆ ಬಿಡಲ್ಲ, ಪರದೆ ಮೇಲಿನದನ್ನ ಮೌಸ್‌ನಲ್ಲೇ ಒತ್ತಬೇಕು. ಇವರ ಮಾಕ್ ನಡೆದದ್ದು ಕಾಗದದ ಮೇಲೆ, ಪೆನ್ನಲ್ಲಿ ಗುಂಡು ತುಂಬೋ ಓಎಂಆರ್ ಹಾಳೆ, ಜೇಬಲ್ಲಿ ಕ್ಯಾಸಿಯೋ ಕ್ಯಾಲ್ಕುಲೇಟರ್. ಕ್ಯಾಸಿಯೋದಲ್ಲಿ ಎರಡು ನಿಮಿಷಕ್ಕೆ ಮುಗಿಯೋ, ಕಾಲುವೆ ನೀರಿನ ಹರಿವಿನ ಮ್ಯಾನಿಂಗ್ ಲೆಕ್ಕ, ಘಾತ ಮೂರನೇ ಎರಡು ಬರೋದ್ರಿಂದ, ಮೌಸ್‌ನಲ್ಲಿ ಒತ್ತೋಕೆ ಹೋದ್ರೆ ನಾಲ್ಕು ನಿಮಿಷ ಎಳೆಯತ್ತೆ. ಒಂದಂಕಕ್ಕೆ ಸಿಗೋದೇ 1.8 ನಿಮಿಷ. ಗೇಟ್‌ನ ಅಧಿಕೃತ ಸೈಟ್‌ನಲ್ಲೇ ಮಾಕ್ ಲಿಂಕ್ ಇರತ್ತೆ, ಅದೇ ಪರದೆ, ಅದೇ ಕ್ಯಾಲ್ಕುಲೇಟರ್, ಪುಕ್ಕಟೆ. 4,500 ಕೊಟ್ಟು ಓಎಂಆರ್ ತುಂಬಿದ್ದು ಯಾವ ಕರ್ಮಕ್ಕೆ?

ಅಷ್ಟೇ ಆಗಿದ್ರೆ ಸಹಿಸ್ಕೋಬಹುದಿತ್ತು. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರೋ ಎಂಎಸ್‌ಕ್ಯೂ ಪ್ರಶ್ನೆಗಳು ಗೇಟ್‌ಗೆ ಬಂದದ್ದು 2021ರಲ್ಲಿ. ಇವರ ಮೊದಲ ಹತ್ತು ಮಾಕ್‌ನಲ್ಲಿ ಒಂದೂ ಎಂಎಸ್‌ಕ್ಯೂ ಇಲ್ಲ. ಪತ್ರಿಕೆ ಎಷ್ಟು ಹಳೇದು ಅಂತ ನೀವೇ ಲೆಕ್ಕ ಹಾಕಿ. ಕೇಳಿದ ಮೇಲೆ ಸೇರಿಸಿದ್ರು, ಆದ್ರೆ ಮೂರು ಸರಿ ಉತ್ತರದಲ್ಲಿ ಎರಡು ಗುರುತಿಸಿದ್ರೂ ಅರ್ಧ ಅಂಕ ಕೊಟ್ರು. ಅಸಲಿ ಪರೀಕ್ಷೆಯಲ್ಲಿ ಅರ್ಧ ಗಿರ್ಧ ಇಲ್ಲ. ಎಲ್ಲ ಸರಿ ಇದ್ರೆ ಪೂರ್ತಿ, ಒಂದು ಬಿಟ್ರೂ ಸೊನ್ನೆ. ಋಣಾಂಕ ಇಲ್ಲ ಅನ್ನೋದೊಂದೇ ಸಮಾಧಾನ. ಯಾಕೆ ಹೀಗೆ ಕೊಡ್ತೀರಿ ಅಂದ್ರೆ, "ಕಾನ್ಫಿಡೆನ್ಸ್ ಬರ್ಲಿ ಅಂತ ಹಂಗೆ ಕೊಡ್ತೀವಿ ಕಣಪ್ಪ, ಮಕ್ಕಳು ಕುಗ್ಗಬಾರ್ದು ಅಲ್ವಾ."

ಆ ಕಾನ್ಫಿಡೆನ್ಸೇ ಮುಳುಗಿಸಿದ್ದು. ಒಂದು ಮಾಕ್‌ನಲ್ಲಿ 61 ಬಂತು, ಮನೆಯಲ್ಲಿ ಸಿಹಿ ಕೂಡ ಹಂಚಿದ್ದಾಯ್ತು. ಆಮೇಲೆ ಒಂದೊಂದೇ ಪ್ರಶ್ನೆ ತೆಗೆದು ಹಳೇ ಪತ್ರಿಕೆಗಳ ಜೊತೆ ಹೋಲಿಸಿದ್ರೆ 65ರಲ್ಲಿ 41 ನೇರ ಹಳೇ ಗೇಟ್ ಪ್ರಶ್ನೆಗಳು, ಅಂಕಿ ಕೂಡ ಬದಲಿಸಿಲ್ಲ. ಮೊದಲ ಸಲ ಬರೆಯೋರಿಗೆ ಅದು ಅಭ್ಯಾಸ. ಎರಡನೇ ಸಲದೋರು ಅವನ್ನೆಲ್ಲ ಒಂದು ಸಲ ಬಿಡಿಸಿ ಮುಗಿಸಿರ್ತಾರೆ. ಪ್ರಶ್ನೆ ಓದ್ತಿದ್ದಂಗೇ ಉತ್ತರ ನೆನಪಾಗತ್ತೆ, ತಲೆ ಓಡಲ್ಲ. ಆ 61 ನೆನಪಿನ ಶಕ್ತಿಗೆ ಬಂದ ಅಂಕ. ಇದನ್ನ ಹೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಎರಡು ನೀಲಿ ಗೆರೆ, ಉತ್ತರ ಇಲ್ಲ. ಮೂರು ದಿನ ಬಿಟ್ಟು ಒಂದು ಹೆಬ್ಬೆರಳು.

ಹೊಸ ಪ್ರಶ್ನೆ ಬೇಕಂದ್ರೆ ದಾರಿ ಇದೆ, ದುಡ್ಡು ಬೇಡ. ಸಾಮಾನ್ಯ ಸಾಮರ್ಥ್ಯದ 15 ಅಂಕದ ಭಾಗ ಎಲ್ಲ ಬ್ರಾಂಚಿನ ಪತ್ರಿಕೆಯಲ್ಲೂ ಇರತ್ತೆ. ನೀವು ಸಿವಿಲ್ ಆದ್ರೆ ಬೇರೆ ದಿನ ನಡೆದ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಿಕಲ್ ಪತ್ರಿಕೆಗಳ ಆ ಹತ್ತು ಪ್ರಶ್ನೆ ತಗೊಳ್ಳಿ, ನಿಮಗದು ಹೊಚ್ಚ ಹೊಸದು. ಗಣಿತದ 13 ಅಂಕಕ್ಕೆ ಮೆಕ್ಯಾನಿಕಲ್ ಪತ್ರಿಕೆಯ ಗಣಿತ ಬಹುಪಾಲು ಹೊಂದತ್ತೆ. ಈ ಎರಡೇ ಸೇರಿ 28 ಅಂಕ. ಸಿವಿಲ್ ಬಹಳ ವರ್ಷ ಎರಡು ಸೆಷನ್‌ನಲ್ಲಿ ನಡೆದಿದೆ. ಒಂದನ್ನ ಬಿಡಿಸಿ ಇನ್ನೊಂದನ್ನ ಮುಟ್ಟದೇ ಬಿಟ್ಟಿದ್ರೆ ಅದನ್ನ ಡಿಸೆಂಬರ್, ಜನವರಿಗೆ ಬಚ್ಚಿಟ್ಕೊಳ್ಳಿ, ಚಿನ್ನ ಅದು. ಮೂರು ಗಂಟೆ ಒಂದೇ ಸಮ ಕೂತು ಬರೀರಿ, ಮನೆಯೋರು ಕರೆದ್ರೂ ಏಳಬೇಡಿ.

ಇನ್ನೊಂದು ಸುಳ್ಳು. "ಮತ್ತೆ ಬರೆದ್ರೆ ಹಳೇ ಸ್ಕೋರ್ ವೇಸ್ಟ್, ಹಾಗಾಗಿ ಈ ಸಲ ರಿಸ್ಕ್ ತಗೋಬೇಡಿ ಸಾರ್, ಫುಲ್ ಪ್ಯಾಕೇಜ್ ತಗೊಳ್ಳಿ." ಸೇರಿಸ್ಕೊಳ್ಳೋವಾಗ ಹೆದರಿಸಿದ್ದು ಹೀಗೆ. ಶುದ್ಧ ಸುಳ್ಳು. ಗೇಟ್ ಸ್ಕೋರ್ ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಜೀವಂತ. ಮತ್ತೆ ಬರೆದು ಕಡಿಮೆ ಬಂದ್ರೂ ಎಂಟೆಕ್ ಪ್ರವೇಶಕ್ಕೆ ಹಳೇದನ್ನ ಬಳಸಬಹುದು. ಸರ್ಕಾರಿ ಕಂಪನಿಗಳ ನೇಮಕಾತಿಗೆ ಮಾತ್ರ ಸಾಮಾನ್ಯವಾಗಿ ಆ ವರ್ಷದ ಸ್ಕೋರೇ ಕೇಳ್ತಾರೆ, ಅದು ಬೇರೆ ಮಾತು. ಎಷ್ಟು ಸಲ ಬರೀಬಹುದು ಅನ್ನೋದಕ್ಕೂ ಮಿತಿ ಇಲ್ಲ. ಹೆದರಿಸಿ ದುಡ್ಡು ಕೀಳೋಕೆ ಇಷ್ಟು ಸಾಕಾಯ್ತು ಅವರಿಗೆ.

ಮಂಡ್ಯದಿಂದ ಓಡಾಡೋರಿಗೆ ಇನ್ನೊಂದು ಲೆಕ್ಕ. 45 ಕಿಲೋಮೀಟರ್ ಏನ್ ದೂರ ಅನ್ಸತ್ತೆ. ಸ್ಟೇಷನ್‌ಗೆ ಹೋಗಿ, ರೈಲು ಕಾದು, ಇಳಿದು ಆಟೋ ಹತ್ತಿ, ಸಂಜೆ ವಾಪಸ್, ದಿನಕ್ಕೆ ಮೂರು ಗಂಟೆ. ವಾರಕ್ಕೆ ಆರು ದಿನ, ಹದಿನಾರು ವಾರ, 288 ಗಂಟೆ. ನಿಂತುಕೊಂಡು ಬರೋ ರೈಲಲ್ಲಿ ಓದ್ತೀನಿ ಅಂತ ಹೇಳೋರೆಲ್ಲ ಓದಲ್ಲ, ಮೊಬೈಲ್ ನೋಡ್ತಾರೆ. ಯಾರದೋ ಹಳೇ ವಿಡಿಯೋ ನೋಡೋಕೆ ಅಷ್ಟು ಗಂಟೆ ಸುಟ್ಟದ್ದು ದುಡ್ಡಿಗಿಂತ ಜಾಸ್ತಿ ಉರಿಯತ್ತೆ.

ದುಡ್ಡು ವಾಪಸ್ ಕೇಳಿದಾಗ ಬಂದ ಉತ್ತರಗಳನ್ನ ಹಂಗಂಗೇ ಇಡ್ತೀನಿ. ಮೊದಲನೇದು: "ಡಿಸಿಪ್ಲಿನ್ ಇದ್ರೆ ಯಾವ ಪ್ಲಾನ್ ಆದ್ರೂ ವರ್ಕ್ ಆಗತ್ತೆ." ಎರಡನೇದು: "ಹೋದ ಸಲಾನೂ ಹಿಂಗೇ ಕೊಂಕು ತೆಗೀತಾ ಕೂತಿರ್ತೀಯ, ಅದಕ್ಕೇ ಬಂದಿಲ್ಲ." ಇದು ಎದೆಗೆ ನಾಟ್ತು, ಸುಳ್ಳು ಹೇಳಲ್ಲ. ಮೂರನೇದು, ರಶೀದಿ ಹಿಂದೆ ಸಣ್ಣಕ್ಷರದಲ್ಲಿ ‘ಫೀಸು ಹಿಂತಿರುಗಿಸುವುದಿಲ್ಲ’ ಅಂತ ಇದೆ ನೋಡು ಅಂತ. ರಶೀದಿ ಅಂದ್ರೆ ಪುಸ್ತಕದಿಂದ ಹರಿದ ಚೀಟಿ, ‘ಮೆಟೀರಿಯಲ್ ಚಾರ್ಜ್’ ಅಂತ ಬರೆದದ್ದು. ಜಿಎಸ್‌ಟಿ ಬಿಲ್ ಕೇಳಿದ್ದಕ್ಕೆ "ಬೇಕಂದ್ರೆ ಮೇಲೆ ಶೇಕಡಾ 18 ಸೇರಿಸಿ ಕೊಡು" ಅಂದಿದ್ರು, ಉಳಿತಾಯ ಅಂತ ಸುಮ್ಮನಾಗಿದ್ದು ಮಹಾ ತಪ್ಪು.

ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ತೋರಿಸಿದ್ದೂ ಆಯ್ತು. ಪೂರ್ತಿ ಫೀಸು ಕಟ್ಟಿದೋರು ನಡುವೆ ಬಿಟ್ರೆ ಉಳಿದ ಅವಧಿಯ ಹಣವನ್ನ 10 ದಿನದೊಳಗೆ ಕೊಡಬೇಕು ಅಂತಿದೆ ಅದರಲ್ಲಿ. "ಅದೆಲ್ಲ ಕೋಟಾ, ಡೆಲ್ಲಿ ಕಡೆಗೆ ಕಣಪ್ಪ." ಮಾರ್ಗಸೂಚಿ ಅಂದ್ರೆ ಕಾನೂನಲ್ಲ, ಅದೂ ಗೊತ್ತು. ಆದ್ರೂ ದೂರಿನ ಜೊತೆ ಲಗತ್ತಿಸಿ, ತೂಕ ಬರತ್ತೆ.

ಸೇರೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ನನ್ನ ರೆಸ್ಪಾನ್ಸ್ ಶೀಟ್ ಯಾರು ನೋಡ್ತಾರೆ, ಯಾವತ್ತು ನೋಡ್ತಾರೆ? ‘ನೋಡೋಣ ಸಾರ್’ ಅಂದ್ರೆ ಎದ್ದು ಬನ್ನಿ, ಕಾಫಿ ಕೂಡ ಕುಡೀಬೇಡಿ. ಒಂದು ಮಾಕ್ ಪತ್ರಿಕೆ ಕೈಗೆ ಇಸ್ಕೊಂಡು ಎಂಎಸ್‌ಕ್ಯೂ ಇದೆಯಾ ನೋಡಿ. ಫೀಸು ಕಂತಲ್ಲಿ ಕಟ್ಟಿ, ಯುಪಿಐನಲ್ಲೇ ಕಟ್ಟಿ, ಯಾವುದಕ್ಕೆ ಅಂತ ಅಲ್ಲೇ ಬರೀರಿ.

ಈಗಾಗ್ಲೇ ಸಿಕ್ಕಿಹಾಕ್ಕೊಂಡಿರೋರು 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಅಲ್ಲಿ ಬಗೆಹರೀದಿದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ವಾಟ್ಸಾಪ್ ಮಾತುಕತೆ ಅಳಿಸ್ಬೇಡಿ. ಥರ್ಮೋಡೈನಾಮಿಕ್ಸ್ ಇರೋ ಆ ಏಳನೇ ವಾರದ ಪುಟವನ್ನ ಬಣ್ಣದಲ್ಲೇ ಪ್ರಿಂಟ್ ತೆಗೆಸಿ ದೂರಿಗೆ ಮೊದಲ ಹಾಳೆಯಾಗಿ ಹಚ್ಚಿದ್ದಾಗಿದೆ. ಅದೇ ಬ್ಯಾಚಿನಲ್ಲಿದ್ದೋರು ಯಾರಾದ್ರೂ ಇದನ್ನ ಓದ್ತಿದ್ರೆ ನಿಮ್ಮ ಪಿಡಿಎಫ್ ಒಂದ್ಸಲ ತೆಗೆದು ಏಳನೇ ವಾರ ನೋಡಿ.